ಸೋಲಿನ ವರದಿಯನ್ನೂ ನಮಗೆ ಕೊಡಿ: ಇಸ್ರೊ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಡಾ. ವಿ. ನಾರಾಯಣನ್ ಅವರಿಗೆ,
ಅಧ್ಯಕ್ಷರು, ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ,
ಅಂತರಿಕ್ಷ ಭವನ, ನ್ಯೂ ಬಿಇಎಲ್ ರಸ್ತೆ, ಬೆಂಗಳೂರು

ಮಾನ್ಯರೇ,

ನಮಸ್ಕಾರ. ಬೆಂಗಳೂರಿನಲ್ಲಿದ್ದುಕೊಂಡು ಕನ್ನಡದಲ್ಲಿ ವಿಜ್ಞಾನದ ಸುದ್ದಿ ಬರೆಯುವವರಲ್ಲಿ ನಾನೂ ಒಬ್ಬಳು. ನಿಮ್ಮ ಸಂಸ್ಥೆಯ ಬಗ್ಗೆ ಬರೆಯುವುದು ನನಗೆ ಬರೀ ಕೆಲಸವಲ್ಲ, ಪ್ರೀತಿಯ ವಿಷಯ. ಆ ಪ್ರೀತಿಯಿಂದಲೇ ಒಂದು ಮಾತು ಕೇಳುತ್ತಿದ್ದೇನೆ. ನಿಮ್ಮ ಪಿಎಸ್‌ಎಲ್‌ವಿ ರಾಕೆಟ್ ಎರಡು ಸಲ ಯಾಕೆ ಬಿತ್ತು ಅನ್ನೋದನ್ನು ದಯವಿಟ್ಟು ದೇಶಕ್ಕೆ ಹೇಳಿ.

2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61 ಹಾರಿದಾಗ ಒಂದಾದ ಮೇಲೊಂದು ಉರಿಯುವ ಹಂತಗಳಲ್ಲಿ ಮೊದಲ ಎರಡು ಸರಿಯಾಗಿಯೇ ಕೆಲಸ ಮಾಡಿದವು. ಮೂರನೇ ಹಂತದಲ್ಲಿ ಮೋಟಾರಿನ ಒಳಗಿನ ಒತ್ತಡ ಕುಸಿಯಿತು. ಇಒಎಸ್-09 ಕಕ್ಷೆ ಸೇರಲಿಲ್ಲ. ಮೋಡ ಕವಿದರೂ, ಕತ್ತಲಾದರೂ ನೆಲವನ್ನು ನೋಡಬಲ್ಲ ರೇಡಾರ್ ಉಪಗ್ರಹ ಅದು. ಅವತ್ತು ಶ್ರೀಹರಿಕೋಟಾದಲ್ಲಿ ಮೈಕ್ ಮುಂದೆ ನಿಂತು, ಒತ್ತಡ ಕುಸಿದದ್ದನ್ನು ನೀವೇ ಹೇಳಿದಿರಿ. ಮುಚ್ಚಿಡಲಿಲ್ಲ, ಸುತ್ತಿ ಬಳಸಿ ಹೇಳಲಿಲ್ಲ. ಅದಕ್ಕೆ ನನ್ನ ಗೌರವವಿದೆ. ಆಮೇಲೆ ವೈಫಲ್ಯ ವಿಶ್ಲೇಷಣಾ ಸಮಿತಿ ಕೂತಿತು. ಸಮಿತಿ ಏನು ಕಂಡುಕೊಂಡಿತು ಅನ್ನೋದು ಮಾತ್ರ ನಮ್ಮ ತನಕ ಬರಲೇ ಇಲ್ಲ.

ವರದಿ ಹೊರಬರುವ ಮೊದಲೇ, 2026ರ ಜನವರಿ 12ರಂದು, ಮುಂದಿನ ಪಿಎಸ್‌ಎಲ್‌ವಿ, ಸಿ62, ಹಾರಿತು. ಮತ್ತೆ ಮೂರನೇ ಹಂತ. ಅದು ಉರಿದು ಮುಗಿಯುವ ಹೊತ್ತಿಗೆ ರಾಕೆಟ್ ತನ್ನ ಸುತ್ತ ತಾನೇ ತಿರುಗುವ ವೇಗ ಏರುಪೇರಾಗಿ ದಾರಿ ತಪ್ಪಿತು. ಇಒಎಸ್-ಎನ್1 ಉಪಗ್ರಹದ ಜೊತೆಗೆ ಇನ್ನೂ 15 ಪುಟ್ಟ ಉಪಗ್ರಹಗಳು ಅದರಲ್ಲಿದ್ದವು. ಕೆಲವು ನಮ್ಮ ಸ್ಟಾರ್ಟ್‌ಅಪ್‌ಗಳವು, ಕೆಲವು ಹೊರದೇಶಗಳವು. ಹುಡುಗರು ವರ್ಷಗಟ್ಟಲೆ ಕೂತು ಕಟ್ಟಿದ ಕೆಲಸ.

ಎರಡು ಸಲವೂ ಅದೇ ಹಂತ. ಎರಡಕ್ಕೂ ಒಂದೇ ಕಾರಣವೋ, ಬೇರೆಬೇರೆಯೋ? ಮೊದಲನೆಯದರಲ್ಲಿ ಕಂಡ ದೋಷವನ್ನು ಸರಿಪಡಿಸಿದ ಮೇಲೂ ಎರಡನೆಯದು ಬಿತ್ತೋ, ಅಥವಾ ದೋಷ ಪೂರ್ತಿ ಸಿಕ್ಕಿರಲೇ ಇಲ್ಲವೋ? ಇದು ಯಾವ ಓದುಗರ ಬಾಯಲ್ಲೂ ಬರುವ ಪ್ರಶ್ನೆ. ಹೊರಗಿನವರ ಹತ್ತಿರ ಇದಕ್ಕೆ ಉತ್ತರ ಇಲ್ಲ. ಚಂದ್ರಯಾನ-1, ಮಂಗಳಯಾನ, ಆದಿತ್ಯ-ಎಲ್1 ಎಲ್ಲವನ್ನೂ ಹೊತ್ತು ಹೋದದ್ದು ಪಿಎಸ್‌ಎಲ್‌ವಿಯೇ. 2017ರಲ್ಲಿ ಒಂದೇ ಸಲಕ್ಕೆ 104 ಉಪಗ್ರಹಗಳನ್ನು ಮೇಲಕ್ಕೆ ಒಯ್ದದ್ದೂ ಅದೇ. ಅಂಥ ರಾಕೆಟ್ ಬಗ್ಗೆ ಈಗ ಏನಾದರೂ ಬರೆಯಲು ಕೂತರೆ ನನ್ನ ಕೈಯಲ್ಲಿರುವುದು ಒಂದು ಪುಟ್ಟ ಪ್ರಕಟಣೆ ಮತ್ತು ಬೇಕಾದಷ್ಟು ಊಹಾಪೋಹ.

ಇದು ಹೊಸ ಬೇಡಿಕೆ ಅಲ್ಲ, ಸರ್. ನಿಮ್ಮ ಸಂಸ್ಥೆಯೇ ಹಾಕಿಕೊಟ್ಟ ದಾರಿ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಮೊದಲ ಸಲ ಹಾರಿ ಬಂಗಾಳ ಕೊಲ್ಲಿಗೆ ಬಿದ್ದಾಗ ಪತ್ರಕರ್ತರ ಎದುರು ಕೂತವರು ಆಗಿನ ಇಸ್ರೊ ಅಧ್ಯಕ್ಷ ಸತೀಶ್ ಧವನ್. ಆಗ ಅವರು ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಹೌದು. ಮರುವರ್ಷ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಮಾತಾಡಲು ಆ ರಾಕೆಟ್ ಯೋಜನೆಯ ನಿರ್ದೇಶಕ ಅಬ್ದುಲ್ ಕಲಾಂ ಅವರನ್ನು ಮುಂದೆ ಬಿಟ್ಟರು. ಈ ಕಥೆಯನ್ನು ಎಲ್ಲರೂ ನಾಯಕತ್ವದ ಪಾಠವಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಇನ್ನೊಂದು. ಸೋತ ದಿನವೂ ಪತ್ರಿಕಾಗೋಷ್ಠಿ ನಡೆಯಿತು. ಕೇಳುವವರು ಇದ್ದರು, ಹೇಳಲು ಅಧ್ಯಕ್ಷರೇ ಇದ್ದರು.

ಅದಕ್ಕಿಂತಲೂ ನನಗೆ ಇಷ್ಟವಾದ ಉದಾಹರಣೆ 2006ರದು. ಆ ವರ್ಷ ಜುಲೈ 10ರ ಸಂಜೆ ಇಸ್ರೊದ ಇನ್ನೊಂದು ರಾಕೆಟ್ ಜಿಎಸ್‌ಎಲ್‌ವಿ-ಎಫ್02, ಇನ್ಸಾಟ್-4ಸಿ ಉಪಗ್ರಹವನ್ನು ಹೊತ್ತು ಮೇಲೆದ್ದಿತು. ಸುಮಾರು ಒಂದು ನಿಮಿಷದಲ್ಲಿ ವಾಲಿ, ಮುರಿದು, ಸಮುದ್ರಕ್ಕೆ ಬಿತ್ತು. ಪಕ್ಕದಲ್ಲಿ ಕಟ್ಟಿದ್ದ ನಾಲ್ಕು ಬೂಸ್ಟರ್‌ಗಳಲ್ಲಿ ಒಂದು ಕೈಕೊಟ್ಟಿತ್ತು. ಸೆಪ್ಟೆಂಬರ್ ಹೊತ್ತಿಗೆ ಇಸ್ರೊ ಕಾರಣವನ್ನು ಬಿಡಿಸಿ ಹೇಳಿತು. ಎಂಜಿನ್ನಿಗೆ ಹೋಗುವ ಇಂಧನವನ್ನು ಹದದಲ್ಲಿಡುವ ಒಂದು ರೆಗ್ಯುಲೇಟರ್ ಇರುತ್ತದೆ. ಪೂರ್ತಿ ಮುಚ್ಚಿದಾಗಲೂ ಆ ರೆಗ್ಯುಲೇಟರ್ ಇರಬೇಕಾದ್ದಕ್ಕಿಂತ ಜಾಸ್ತಿ ಹರಿವು ಬಿಡುತ್ತಿತ್ತು. ಎಂಜಿನ್ನಿನ ಪಂಪು ತಿರುಗಿಸಲು ಬಿಸಿ ಅನಿಲ ಕೊಡುವ ಗ್ಯಾಸ್ ಜನರೇಟರ್ ತನ್ನ ಮಿತಿ ಮೀರಿ ಕೆಲಸ ಮಾಡಿ ಹಾಳಾಯಿತು. ಭಾಗ ತಯಾರಾಗುವಾಗಲೇ ತಪ್ಪಾಗಿತ್ತು. ತಪಾಸಣೆಯಲ್ಲೂ ಅದು ಕಣ್ಣಿಗೆ ಬೀಳಲಿಲ್ಲ, ಆಮೇಲಿನ ಪರೀಕ್ಷೆಯಲ್ಲೂ ಸಿಕ್ಕಿಬೀಳಲಿಲ್ಲ. ಇದನ್ನು ಇಸ್ರೊ ತಾನಾಗಿಯೇ ಹೇಳಿತು. ವಿನ್ಯಾಸ ಸರಿಯಿತ್ತು, ಕೈಕೆಲಸದಲ್ಲಿ ಎಡವಟ್ಟಾಯಿತು, ನಮ್ಮ ತಪಾಸಣೆಯೂ ಅದನ್ನು ಹಿಡಿಯಲಿಲ್ಲ ಅಂತ ಒಪ್ಪಿಕೊಳ್ಳುವುದು ಸುಲಭವೇ? ಹಾಗೆ ಒಪ್ಪಿಕೊಂಡದ್ದರಿಂದ ಸಂಸ್ಥೆಯ ಮಾನ ಹೋಗಲಿಲ್ಲ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅದೇ ಜಿಎಸ್‌ಎಲ್‌ವಿ ಮತ್ತೆ ಹಾರಿತು. ಬಿದ್ದ ಉಪಗ್ರಹದ ಬದಲಿಗೆ ಕಟ್ಟಿದ್ದ ಇನ್ಸಾಟ್-4ಸಿಆರ್ ಅದರಲ್ಲಿತ್ತು.

2010ರಲ್ಲಿ ಎರಡು ಜಿಎಸ್‌ಎಲ್‌ವಿಗಳು ಬಿದ್ದವು. ಎರಡರ ಕಾರಣವೂ ಹೊರಬಂತು. 2021ರ ಆಗಸ್ಟ್ 12ರಂದು ಜಿಎಸ್‌ಎಲ್‌ವಿ-ಎಫ್10 ಸೋತದ್ದಂತೂ ನಿಮಗೆ ಮರೆಯುವಂಥದ್ದಲ್ಲ. ಆಗ ನೀವು ದ್ರವ ಇಂಧನದ ಎಂಜಿನ್‌ಗಳನ್ನು ರೂಪಿಸುವ ಎಲ್‌ಪಿಎಸ್‌ಸಿ ಕೇಂದ್ರದ ನಿರ್ದೇಶಕರು. ಅತಿ ತಣ್ಣನೆಯ ದ್ರವ ಇಂಧನದಿಂದ ಉರಿಯುವ ಕ್ರಯೋಜೆನಿಕ್ ಎಂಜಿನ್ ನಿಮ್ಮದೇ ಕೇಂದ್ರದ್ದು. ದ್ರವ ಹೈಡ್ರೋಜನ್ ಟ್ಯಾಂಕಿನ ಮೇಲಿನ ಒಂದು ವಾಲ್ವ್ ಸೋರುತ್ತಿತ್ತು. ಒಳಗಿನ ಮೆತ್ತನೆಯ ಸೀಲ್‌ಗೆ ಪೆಟ್ಟಾಗಿರಬಹುದು ಅಂತ ವರದಿ ಹೇಳಿತು. ಸೋರಿಕೆಯಿಂದ ಟ್ಯಾಂಕಿನಲ್ಲಿ ಒತ್ತಡ ಇಳಿಯಿತು. ತೊಟ್ಟಿಯಲ್ಲಿ ನೀರು ತಳ ಸೇರಿದಾಗ ಮೋಟಾರು ಗಾಳಿ ಎಳೆದು ಒದ್ದಾಡುತ್ತದಲ್ಲ, ಹೆಚ್ಚುಕಡಿಮೆ ಹಾಗೆ ಎಂಜಿನ್ನಿನ ಪಂಪು ಒದ್ದಾಡಿತು. ಎಂಜಿನ್ನಿಗೆ ಬೇಕಾದಷ್ಟು ಹೈಡ್ರೋಜನ್ ಹೋಗಲಿಲ್ಲ. 2022ರ ಮಾರ್ಚಿನಲ್ಲಿ ಈ ವಿವರ ಬಂದಾಗ ಕನ್ನಡದಲ್ಲಿ ಅದನ್ನು ಬರೆಯುವುದು ಎಷ್ಟು ಸಲೀಸಾಯಿತು! ಹಳ್ಳಿಯಲ್ಲಿ ಪಂಪ್‌ಸೆಟ್ ನೋಡಿದ ಯಾವ ರೈತನಿಗೂ ಅರ್ಥವಾಗುವ ಕಾರಣ ಅದು.

2022ರ ಆಗಸ್ಟ್ 7ರಂದು ಪುಟ್ಟ ಉಪಗ್ರಹಗಳಿಗಾಗಿ ಮಾಡಿದ ಎಸ್‌ಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಾರಾಟ ವಿಫಲವಾದಾಗ ಅದರಲ್ಲಿ ದೇಶದ 750 ಶಾಲಾ ಹುಡುಗಿಯರು ಸೇರಿ ಮಾಡಿದ ಆಜಾದಿಸ್ಯಾಟ್ ಉಪಗ್ರಹ ಇತ್ತು. ಎರಡನೇ ಹಂತ ಬೇರ್ಪಡುವಾಗ ಆದ ಕಂಪನಕ್ಕೆ ಸೆನ್ಸರ್‌ಗಳು ಒಂದು ಕ್ಷಣ ಮಿತಿ ಮೀರಿದವು. ಅವು ಕೆಟ್ಟಿರಲಿಲ್ಲ. ಕೆಟ್ಟಿವೆ ಅಂತ ರಾಕೆಟ್ಟಿನ ಕಂಪ್ಯೂಟರ್ ತಿಳಿದುಕೊಂಡು ಅವುಗಳ ಮಾತು ಕೇಳುವುದನ್ನೇ ಬಿಟ್ಟಿತು. ಎರಡನೇ ಹಾರಾಟಕ್ಕೆ ಮುಂಚೆ ಇದನ್ನೆಲ್ಲ ಇಸ್ರೊ ಹೇಳಿತು. ಆ ಹುಡುಗಿಯರಿಗೆ ತಮ್ಮ ಉಪಗ್ರಹ ಏನಾಯಿತು ಅನ್ನೋದು ಗೊತ್ತಾಯಿತು. ಸಿ62ರಲ್ಲಿ ತಮ್ಮ ಉಪಗ್ರಹ ಕಳೆದುಕೊಂಡ ಹುಡುಗರಿಗೂ ಅಷ್ಟೇ ಹಕ್ಕಿದೆ ಅಲ್ವಾ?

ಈಗ ಚಂದ್ರಯಾನ-2ರ ಮಾತಿಗೆ ಬರುತ್ತೇನೆ. ಇದನ್ನು ನಿಮ್ಮ ಹತ್ತಿರವೇ ಕೇಳಬೇಕು. ಯಾಕೆಂದರೆ ಚಂದ್ರನ ಮೇಲೆ ಇಳಿಯಬೇಕಿದ್ದ ಅದರ ವಿಕ್ರಮ್ ನೌಕೆ ಯಾಕೆ ಬಿತ್ತು ಅಂತ ಪತ್ತೆ ಮಾಡಿದ ರಾಷ್ಟ್ರಮಟ್ಟದ ಪರಿಣತರ ಸಮಿತಿಗೆ ಅಧ್ಯಕ್ಷರಾಗಿದ್ದವರು ನೀವೇ.

2019ರ ಸೆಪ್ಟೆಂಬರ್ 7. ನೌಕೆಗಳ ಮೇಲೆ ನಿಗಾ ಇಡುವ ಪೀಣ್ಯದ ಇಸ್‌ಟ್ರಾಕ್ ಕೇಂದ್ರದ ದೊಡ್ಡ ಪರದೆ ಇಡೀ ದೇಶದ ಟಿವಿಯಲ್ಲಿ ಬರುತ್ತಿತ್ತು. ಕೆಂಪು ಗೆರೆ ಅಂದರೆ ವಿಕ್ರಮ್ ಇಳಿಯಬೇಕಾದ ದಾರಿ. ಅದರ ಮೇಲೆ ಜಾರುತ್ತಿದ್ದ ಹಸಿರು ಚುಕ್ಕೆ ಅಂದರೆ ವಿಕ್ರಮ್. ಮಧ್ಯರಾತ್ರಿ ಕಳೆದು ಎರಡು ಗಂಟೆ ಹತ್ತಿರವಾಗುತ್ತಿತ್ತು. ಚುಕ್ಕೆ ಗೆರೆ ಬಿಟ್ಟು ಪಕ್ಕಕ್ಕೆ ಸರಿಯಿತು. ಸ್ವಲ್ಪ ಹೊತ್ತಿಗೆ ನಿಂತೇ ಹೋಯಿತು. ಒಳಗಿದ್ದವರ ಮುಖ ನೋಡಿದರೇ ಎಲ್ಲ ಗೊತ್ತಾಗುತ್ತಿತ್ತು. 2.1 ಕಿಲೋಮೀಟರ್ ಎತ್ತರದವರೆಗೆ ಎಲ್ಲ ಸರಿಯಿತ್ತು, ಆಮೇಲೆ ಸಂಪರ್ಕ ತಪ್ಪಿತು ಅಂತ ಆಗಿನ ಅಧ್ಯಕ್ಷ ಕೆ. ಶಿವನ್ ಹೇಳಿದರು. ಪರದೆಯ ಚುಕ್ಕೆ ಅದಕ್ಕಿಂತ ಕೆಳಗೂ ಇಳಿದದ್ದನ್ನು ಜನ ಕಣ್ಣಾರೆ ನೋಡಿದ್ದರು.

ಬೆಳಗಾದ ಮೇಲೆ ಪ್ರಧಾನಿಯವರು ಶಿವನ್ ಅವರನ್ನು ತಬ್ಬಿ ಸಮಾಧಾನ ಮಾಡಿದರು. ಅದು ಮನುಷ್ಯ ಸಹಜವಾದ ಕ್ಷಣ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅವತ್ತಿನಿಂದ ಆ ಚಿತ್ರವೇ ಸುದ್ದಿಯಾಯಿತು. ಯಾಕೆ ಬಿತ್ತು ಅಂತ ಕೇಳಿದವರಿಗೆ ಕಲ್ಲು ಮನಸ್ಸಿನವರು ಅನ್ನೋ ಹೆಸರು ಬಂತು. ನವೆಂಬರ್‌ನಲ್ಲಿ ಲೋಕಸಭೆಗೆ ಕೊಟ್ಟ ಲಿಖಿತ ಉತ್ತರದಲ್ಲಿ ಸಿಕ್ಕಿದ್ದು ಇಷ್ಟು: ಇಳಿಯುವಾಗ ವೇಗ ಅಂದುಕೊಂಡದ್ದಕ್ಕಿಂತ ಜಾಸ್ತಿ ಇಳಿಯಿತು, ಹಾಗಾಗಿ ಗುರಿಯಿಂದ 500 ಮೀಟರ್ ಒಳಗೆ ಅದು ಗಟ್ಟಿಯಾಗಿ ಬಡಿಯಿತು. ಡಿಸೆಂಬರ್‌ನಲ್ಲಿ ಅವಶೇಷದ ಚಿತ್ರ ಪ್ರಕಟಿಸಿದ್ದು ನಾಸಾ. ಅದಕ್ಕೆ ಸುಳಿವು ಕೊಟ್ಟವರು ಚೆನ್ನೈಯ ಒಬ್ಬ ಎಂಜಿನಿಯರ್, ನಾಸಾ ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಚಿತ್ರಗಳನ್ನು ಮನೆಯಲ್ಲೇ ಕೂತು ಹುಡುಕಿದವರು.

ಬಿಡಿಸಿ ಹೇಳಿದ ಮಾತು ಸಿಕ್ಕಿದ್ದು 2023ರಲ್ಲಿ, ಚಂದ್ರಯಾನ-3 ಹೊರಡುವ ಹೊತ್ತಿಗೆ. ಆಗಿನ ಅಧ್ಯಕ್ಷ ಎಸ್. ಸೋಮನಾಥ್ ಹೇಳಿದರು: ಐದು ಎಂಜಿನ್‌ಗಳ ನೂಕುಬಲ ಲೆಕ್ಕಕ್ಕಿಂತ ಜಾಸ್ತಿ ಇತ್ತು, ತಪ್ಪುಗಳು ಒಂದರ ಮೇಲೊಂದು ಕೂಡಿಕೊಂಡವು, ನೌಕೆ ಬೇಗ ತಿರುಗಬೇಕಾಯಿತು, ಸಾಫ್ಟ್‌ವೇರ್ ಅಷ್ಟು ಬೇಗ ತಿರುಗಲು ಬಿಡಲಿಲ್ಲ, ಇಳಿಯಬೇಕಾದ ಜಾಗವೂ 500 ಮೀಟರ್ ಉದ್ದ ಅಗಲದ್ದು, ತೀರಾ ಕಿರಿದು. ಎಷ್ಟು ಚೆನ್ನಾಗಿ ಹೇಳಿದರು! ಮಧ್ಯದ ಎಂಜಿನ್ ಯಾಕೆ ತೆಗೆದರು, ಕಾಲುಗಳನ್ನು ಯಾಕೆ ಗಟ್ಟಿ ಮಾಡಿದರು, ಇಳಿಯುವ ಜಾಗವನ್ನು ಯಾಕೆ ಹಿಗ್ಗಿಸಿದರು ಎಲ್ಲವೂ ಅರ್ಥವಾಯಿತು. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಮೆಲ್ಲಗೆ ಇಳಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಹಿಂದೆ ಎಲ್ಲಿ ತಪ್ಪಾಗಿತ್ತು ಅನ್ನೋದು ಗೊತ್ತಿದ್ದದ್ದರಿಂದಲೇ ಆ ಗೆಲುವಿನ ತೂಕ ಗೊತ್ತಾಯಿತು. ಆದರೆ ಆ ವಿವರಣೆಗೆ ನಾಲ್ಕು ವರ್ಷ ಕಾಯಬೇಕಿತ್ತೇ? ಇವತ್ತಿಗೂ ನಿಮ್ಮ ಸಮಿತಿಯ ಪೂರ್ತಿ ವರದಿ ನಾವು ಓದಿಲ್ಲ. ಗೆದ್ದ ಮೇಲೆ ಸೋಲಿನ ಕಾರಣ ಹೇಳುವುದಕ್ಕೂ, ಸೋತ ಸ್ವಲ್ಪ ದಿನದಲ್ಲೇ ಹೇಳುವುದಕ್ಕೂ ವ್ಯತ್ಯಾಸವಿದೆ.

ಅದೇ ಆಗಸ್ಟ್ 19ರಂದು ರಷ್ಯಾದ ಲೂನಾ-25 ಚಂದ್ರನಿಗೆ ಬಡಿಯಿತು. ಎಂಜಿನ್ 84 ಸೆಕೆಂಡು ಉರಿಯಬೇಕಿತ್ತು, 127 ಸೆಕೆಂಡು ಉರಿಯಿತು ಅಂತ ರಷ್ಯಾದ ಬಾಹ್ಯಾಕಾಶ ಸಂಸ್ಥೆ ರಾಸ್‌ಕಾಸ್ಮಾಸ್‌ನ ಮುಖ್ಯಸ್ಥರು ಎರಡೇ ದಿನಕ್ಕೆ ಹೇಳಿದರು. ಆ ವರ್ಷದ ಏಪ್ರಿಲ್‌ನಲ್ಲಿ ಚಂದ್ರನ ಮೇಲೆ ತನ್ನ ನೌಕೆ ಬಿದ್ದಾಗ ಜಪಾನಿನ ಐಸ್ಪೇಸ್ ಕಂಪನಿ ಒಂದು ತಿಂಗಳಲ್ಲಿ ಕಾರಣ ಕೊಟ್ಟಿತು. ನೆಲ ಇನ್ನೂ 5 ಕಿಲೋಮೀಟರ್ ಕೆಳಗಿರುವಾಗಲೇ ನೌಕೆ ತಾನು ನೆಲ ಮುಟ್ಟಿದೆ ಅಂದುಕೊಂಡಿತ್ತಂತೆ. ಷೇರುದಾರರ ಕೋಪಕ್ಕೆ ಹೆದರಬೇಕಾದ ಖಾಸಗಿ ಕಂಪನಿಯೇ ಅಷ್ಟು ಹೇಳಿತು.

ಇದೆಲ್ಲ ಈಗಿನ ಸರ್ಕಾರದ ಮೇಲಿನ ಸಿಟ್ಟು ಅಂತ ಯಾರೂ ತಿಳಿಯುವುದು ಬೇಡ. ಚಂದ್ರಯಾನ-1 ಹಾರಿದ್ದು ಹಿಂದಿನ ಸರ್ಕಾರದ ಕಾಲದಲ್ಲಿ. 2009ರ ಮೇ ತಿಂಗಳಲ್ಲಿ ಅದರ ಕಕ್ಷೆಯನ್ನು 100 ಕಿಲೋಮೀಟರ್‌ನಿಂದ 200ಕ್ಕೆ ಏರಿಸಿದರು. ಎತ್ತರದಿಂದ ಇನ್ನಷ್ಟು ಅಧ್ಯಯನ ಮಾಡಲು ಅಂತ ಆಗ ಹೇಳಲಾಯಿತು. ದಿಕ್ಕು ಹಿಡಿಯುವ ಸ್ಟಾರ್ ಸೆನ್ಸರ್ ಕೆಟ್ಟಿದ್ದ ವಿಷಯ ಜುಲೈನಲ್ಲಿ ಹೊರಬಂತು. ಬಿಸಿ ಜಾಸ್ತಿಯಾಗಿದ್ದರಿಂದಲೇ ಕಕ್ಷೆ ಏರಿಸಬೇಕಾಯಿತು ಅನ್ನೋದು ನೌಕೆ ಮೌನವಾದ ಮೇಲೆ ತಿಳಿಯಿತು. ಎಂಥ ನೌಕೆ ಅದು! ಚಂದ್ರನಲ್ಲಿ ನೀರಿನ ಕುರುಹು ತೋರಿಸಿಕೊಟ್ಟ ನೌಕೆ. ಬಿಸಿಯಾಗಿದೆ, ಸೆನ್ಸರ್ ಹೋಗಿದೆ, ಆದರೂ ನಮ್ಮವರು ಬುದ್ಧಿ ಓಡಿಸಿ ನಡೆಸುತ್ತಿದ್ದಾರೆ ಅಂತ ಆಗಲೇ ಬರೆದಿದ್ದರೆ ಓದುಗರು ನಿಮ್ಮನ್ನು ಇನ್ನೂ ಜಾಸ್ತಿ ಮೆಚ್ಚುತ್ತಿದ್ದರು.

ಬಾಹ್ಯಾಕಾಶ ಇಲಾಖೆ ನೇರವಾಗಿ ಪ್ರಧಾನಿಯವರ ಕೈಕೆಳಗಿದೆ. ಇಸ್ರೊ ಅಧ್ಯಕ್ಷರೇ ಇಲಾಖೆಯ ಕಾರ್ಯದರ್ಶಿ, ಬಾಹ್ಯಾಕಾಶ ಆಯೋಗದ ಅಧ್ಯಕ್ಷರೂ ಅವರೇ. ಫೈಲು ಬೇಗ ಓಡಲು, ದುಡ್ಡು ಬೇಗ ಸಿಗಲು ಈ ಏರ್ಪಾಟು ನೆರವಾಗಿದೆ. ಒಪ್ಪುತ್ತೇನೆ. ಆದರೆ ಇದರಿಂದ ರಾಕೆಟ್ಟಿನ ಗೆಲುವು ಸರ್ಕಾರದ ಗೆಲುವಾಗುತ್ತದೆ, ರಾಕೆಟ್ಟಿನ ಸೋಲು ಸರ್ಕಾರದ ಸೋಲಾಗುತ್ತದೆ. ಯಾವ ಸರ್ಕಾರಕ್ಕೆ ಸೋಲಿನ ವರದಿ ಹಂಚಲು ಇಷ್ಟ ಇರುತ್ತೆ? ಚಂದ್ರಯಾನ-3 ಇಳಿದ ವಾರ ಟಿವಿ ಚರ್ಚೆಗಳಲ್ಲಿ ಕೇಳಿಬಂದದ್ದು ನೆಹರೂ ಕಾಲದ ಕೆಲಸವೋ, ಮೋದಿ ಕಾಲದ ಕೆಲಸವೋ ಅನ್ನೋ ಜಗಳ. 10 ಸೆಂಟಿಮೀಟರ್ ಆಳಕ್ಕೆ ಚುಚ್ಚಿ ಚಂದ್ರನ ಮಣ್ಣಿನ ಬಿಸಿ ಅಳೆದ ಚೇಸ್ಟ್ ಉಪಕರಣದ ಬಗ್ಗೆ ಎಷ್ಟು ಜನ ಮಾತಾಡಿದರು? ಮೇಲ್ಮೈ ಸುಡುತ್ತಿದ್ದರೆ ಬೆರಳುದ್ದ ಕೆಳಗೆ ಸೊನ್ನೆಗಿಂತ ಕಡಿಮೆ ಇತ್ತು. ನಾನಂತೂ ಆ ನಕ್ಷೆಯನ್ನು ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದೆ.

ಇಲ್ಲಿ ನಮ್ಮ ಪತ್ರಿಕೋದ್ಯಮದ ಬಗ್ಗೆಯೂ ಹೇಳಲೇಬೇಕು. ನಿಮ್ಮನ್ನಷ್ಟೇ ಪ್ರಶ್ನೆ ಕೇಳಿದರೆ ನ್ಯಾಯವಲ್ಲ.

ಗ್ರಹಣ ಬಂದರೆ ನಮ್ಮ ಕನ್ನಡ ಚಾನೆಲ್‌ಗಳಲ್ಲಿ ಬೆಳಿಗ್ಗೆಯಿಂದ ಯಾರು ಕೂತಿರುತ್ತಾರೆ ಅಂತ ನಿಮಗೆ ಗೊತ್ತು. ಯಾವ ರಾಶಿಗೆ ಏನು ಕಂಟಕ, ಯಾವಾಗ ಸ್ನಾನ ಮಾಡಬೇಕು ಅಂತ ಹೇಳುವವರು. ಖಗೋಳ ತಿಳಿದವರಿಗೆ ಸಿಗುವುದು ಜಾಹೀರಾತುಗಳ ನಡುವಿನ ನಾಲ್ಕು ನಿಮಿಷ. ವಿಜ್ಞಾನಕ್ಕೇ ಅಂತ ಪ್ರತ್ಯೇಕ ವರದಿಗಾರರನ್ನು ಇಟ್ಟುಕೊಂಡ ಕನ್ನಡ ಸುದ್ದಿಮನೆಗಳು ತೀರಾ ಕಡಿಮೆ. ಬೆಳಿಗ್ಗೆ ರಸ್ತೆಗುಂಡಿಯ ವರದಿ ಮಾಡಿದ ಹುಡುಗನಿಗೆ ಸಂಜೆ ರಾಕೆಟ್ ವರದಿ ಮಾಡು ಅಂತಾರೆ. ಅವನಿಗೆ ಓದಿಕೊಳ್ಳಲು ಸಮಯವೇ ಇಲ್ಲ. ಅವನು ಕೇಳುವ ಪ್ರಶ್ನೆ ಒಂದೇ: ಸರ್, ಈ ಕ್ಷಣದಲ್ಲಿ ಹೇಗನಿಸ್ತಿದೆ?

ಸಿ61 ಬಿದ್ದ ಮೇಲೆ ಮೂರನೇ ಹಂತದ ಮೋಟಾರಿನ ಬಗ್ಗೆ ಒಂದು ಲೇಖನ ಮಾಡುತ್ತೇನೆ ಅಂತ ಒಂದು ಕಡೆ ಕೇಳಿದ್ದೆ. ಡೆಸ್ಕಿನ ಹಿರಿಯರು ಪ್ರೀತಿಯಿಂದಲೇ ಹೇಳಿದರು: "ಈ ಟೈಮಲ್ಲಿ ಯಾಕಮ್ಮಾ ನೆಗೆಟಿವ್ ಸ್ಟೋರಿ? ಜನ ಬೈತಾರೆ." ಅವರು ಕೆಟ್ಟವರಲ್ಲ. ಆ ದಿನಗಳ ಗಾಳಿಯೇ ಹಾಗಿತ್ತು. ರಾಕೆಟ್ ಯಾಕೆ ಬಿತ್ತು ಅಂತ ಕೇಳುವುದು ದೇಶದ ವಿರುದ್ಧ ಮಾತಾಡಿದಂತೆ ಅನ್ನೋ ಭಾವನೆ ಸುದ್ದಿಮನೆಯ ಒಳಗೇ ಬಂದು ಕೂತಿದೆ. ಯಾರೂ ಬಂದು ಬರೀಬೇಡಿ ಅನ್ನಬೇಕಾಗಿಲ್ಲ. ನಾವೇ ಬರೆಯುವುದನ್ನು ಬಿಟ್ಟಿದ್ದೇವೆ.

2019ರ ಮಾರ್ಚ್ 27ರಂದು, ಚುನಾವಣೆಯ ಹೊತ್ತಿನಲ್ಲಿ, ಉಪಗ್ರಹವೊಂದನ್ನು ಕ್ಷಿಪಣಿಯಿಂದ ಹೊಡೆದು ಉರುಳಿಸಿದ ಮಿಷನ್ ಶಕ್ತಿಯ ಸುದ್ದಿ ಬಂತು. ಅದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಕೆಲಸ, ನಿಮ್ಮದಲ್ಲ. ಚೂರುಗಳೆಲ್ಲ 45 ದಿನದಲ್ಲಿ ಸುಟ್ಟು ಹೋಗುತ್ತವೆ ಅಂದರು. ನಾವೆಲ್ಲ ಹಾಗೆಯೇ ಬರೆದೆವು. ಒಂದು ವರ್ಷ ಕಳೆದ ಮೇಲೂ ಕೆಲವು ಚೂರುಗಳು ಸುತ್ತುತ್ತಲೇ ಇದ್ದವು. 46ನೇ ದಿನ ಲೆಕ್ಕ ಕೇಳಿ ಬರೆದ ಪತ್ರಿಕೆಗಳು ಎಷ್ಟು?

ಇನ್ನು 1994ರ ಇಸ್ರೊ ಗೂಢಚರ್ಯೆ ಪ್ರಕರಣ, ರಾಕೆಟ್ ಗುಟ್ಟುಗಳನ್ನು ಹೊರದೇಶಕ್ಕೆ ಮಾರಿದರು ಅನ್ನೋ ಆರೋಪ. ಪೊಲೀಸರು ಹೇಳಿದ್ದನ್ನು ಪರೀಕ್ಷಿಸದೆ, ಕಥೆಗೆ ಬಣ್ಣ ಕಟ್ಟಿ ಬರೆದವರು ಪತ್ರಕರ್ತರು. ನಂಬಿ ನಾರಾಯಣನ್ ಅವರಂಥ ವಿಜ್ಞಾನಿಯ ಬದುಕು ನುಚ್ಚುನೂರಾಯಿತು. ಪ್ರಕರಣದಲ್ಲಿ ಹುರುಳಿಲ್ಲ ಅಂತ ಸಿಬಿಐ 1996ರಲ್ಲೇ ಹೇಳಿತು. 50 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ. ಅವರು ದ್ರವ ಇಂಧನದ ಎಂಜಿನ್ ಕಟ್ಟಿದವರು, ನಿಮ್ಮ ಕ್ಷೇತ್ರದ ಹಿರಿಯರು. ನಿಮ್ಮ ಸಂಸ್ಥೆಯಲ್ಲಿ ಪತ್ರಕರ್ತರೆಂದರೆ ದೂರ ಇಡುವವರಿದ್ದರೆ ಅದಕ್ಕೆ ಕಾರಣ ಇಲ್ಲ ಅಂತ ನಾನು ಹೇಳಲಾರೆ. ಆದರೆ ಆ ಪ್ರಕರಣದಿಂದ ನಾನು ಕಲಿತದ್ದು ಇಷ್ಟು: ಸರಿಯಾದ ಮಾಹಿತಿ ಸಿಗದ ಜಾಗದಲ್ಲಿ ಗಾಳಿಸುದ್ದಿ ಬೆಳೆಯುತ್ತದೆ. ಪಿಎಸ್‌ಎಲ್‌ವಿ ಬಗ್ಗೆ ಈಗಲೇ ನೋಡಿ. ಒಬ್ಬರು ವಿದೇಶಿ ಕೈವಾಡ ಅಂತಾರೆ, ಇನ್ನೊಬ್ಬರು ಕಳಪೆ ಸಾಮಾನು ಅಂತಾರೆ, ಮತ್ತೊಬ್ಬರು ಯೂಟ್ಯೂಬಿನಲ್ಲಿ ಅರ್ಧ ಗಂಟೆ ಹಾಕಿ ಮೂರನೇ ಕಥೆ ಹೇಳ್ತಾರೆ. ಇವರಿಗೆ ಉತ್ತರ ಕೊಡಲು ನನ್ನ ಹತ್ತಿರ ನಿಮ್ಮ ವರದಿ ಬೇಕು.

ನಿಮ್ಮ ಕಡೆಯ ಅಡಚಣೆಯೂ ನನಗೆ ಅರ್ಥವಾಗುತ್ತದೆ. ಇಒಎಸ್-09 ಗಡಿ ಕಾಯುವುದಕ್ಕೂ ಬೇಕಾದ ಉಪಗ್ರಹ. ಘನ ಇಂಧನದ ಮೋಟಾರು ಕ್ಷಿಪಣಿ ತಂತ್ರಜ್ಞಾನಕ್ಕೆ ಹತ್ತಿರದ ಸಂಬಂಧಿ. ಎಲ್ಲ ಅಳತೆ, ಎಲ್ಲ ರಾಸಾಯನಿಕದ ಹೆಸರು ಹೇಳಿ ಅಂತ ನಾನು ಕೇಳುತ್ತಿಲ್ಲ. ಉಪಗ್ರಹದ ಕ್ಯಾಮೆರಾ, ರೇಡಾರ್ ಬಗ್ಗೆ ಒಂದಕ್ಷರವೂ ಬೇಡ. ಮೋಟಾರಿನ ಕವಚದಲ್ಲಿ ತೊಂದರೆಯೋ, ಬಿಸಿ ಅನಿಲ ಹೊರಬರುವ ನಾಜಲ್‌ನಲ್ಲೋ, ಜೋಡಣೆಯಲ್ಲೋ, ತಪಾಸಣೆಯಲ್ಲೋ? ಏನು ಬದಲಾಯಿಸಿದಿರಿ? ಬದಲಾಯಿಸಿದ್ದನ್ನು ಹೇಗೆ ಪರೀಕ್ಷೆ ಮಾಡಿದಿರಿ? ಗುಟ್ಟಾಗಿಡಬೇಕಾದ್ದಕ್ಕೆ ಕಪ್ಪು ಪಟ್ಟಿ ಹಾಕಿ ಉಳಿದದ್ದನ್ನು ಕೊಡಿ. 2006ರಲ್ಲಿ ಸಾಧ್ಯವಾದದ್ದು ಈಗ ಯಾಕೆ ಸಾಧ್ಯವಾಗಬಾರದು?

ಈಗ ಇದು ಇಸ್ರೊ ಒಳಗಿನ ವಿಷಯವಾಗಿಯೂ ಉಳಿದಿಲ್ಲ. ಐದು ಪಿಎಸ್‌ಎಲ್‌ವಿ ಕಟ್ಟಿಕೊಡುವ ಗುತ್ತಿಗೆ ಎಚ್‌ಎಎಲ್ ಮತ್ತು ಎಲ್ ಅಂಡ್ ಟಿ ಕೂಟಕ್ಕೆ ಹೋಗಿದೆ. ಬೆಂಗಳೂರಿನಲ್ಲೇ ಪಿಕ್ಸೆಲ್, ದಿಗಂತರ, ಬೆಲ್ಲಾಟ್ರಿಕ್ಸ್ ಥರದ ಬಾಹ್ಯಾಕಾಶ ಕಂಪನಿಗಳು ಬೆಳೆದಿವೆ. ಉಪಗ್ರಹ ಕಟ್ಟುವ ಹುಡುಗ ಹುಡುಗಿಯರು ಯಾವ ರಾಕೆಟ್ ನಂಬಬೇಕು ಅಂತ ನಿರ್ಧರಿಸುವಾಗ, ಕಾರಣ ಹೇಳುವ ಸಂಸ್ಥೆಯ ಕಡೆಗೇ ಹೋಗುತ್ತಾರೆ.

ನನಗೆ ನಿಜವಾಗಿ ಭಯ ಇರುವುದು ನಮ್ಮವರನ್ನೇ ಬಾಹ್ಯಾಕಾಶಕ್ಕೆ ಕಳಿಸುವ ಗಗನಯಾನದ ಬಗ್ಗೆ. ಅದನ್ನು ಹೊತ್ತೊಯ್ಯುವುದು ಪಿಎಸ್‌ಎಲ್‌ವಿ ಅಲ್ಲ, ಎಲ್‌ವಿಎಂ3. ಅದರ ದಾಖಲೆ ಚೆನ್ನಾಗಿದೆ. ನನ್ನ ಭಯ ರಾಕೆಟ್ಟಿನ ಬಗ್ಗೆ ಅಲ್ಲ, ಮೌನದ ಅಭ್ಯಾಸದ ಬಗ್ಗೆ. 2003ರ ಫೆಬ್ರುವರಿ 1ರಂದು ನಾಸಾದ ಕೊಲಂಬಿಯಾ ನೌಕೆ ಚೂರಾದಾಗ ಕಲ್ಪನಾ ಚಾವ್ಲಾ ಅವರೂ ಸೇರಿ ಏಳು ಜನ ಹೋದರು. ಏಳು ತಿಂಗಳೊಳಗೆ, ಆಗಸ್ಟ್‌ನಲ್ಲಿ, ತನಿಖಾ ಮಂಡಳಿಯ ವರದಿ ಎಲ್ಲರ ಕೈ ಸೇರಿತು. ಟ್ಯಾಂಕಿನಿಂದ ಕಳಚಿದ ಫೋಮ್ ತುಂಡು ಎಡರೆಕ್ಕೆಗೆ ಬಡಿದದ್ದನ್ನು ಅದು ಹೇಳಿತು. ಅಷ್ಟಕ್ಕೇ ನಿಲ್ಲಲಿಲ್ಲ. ಫೋಮ್‌ನಷ್ಟೇ ನಾಸಾದ ಒಳಗಿನ ಸಂಸ್ಕೃತಿಯೂ ಈ ಸಾವಿಗೆ ಕಾರಣ ಅಂತ ಬರೆಯಿತು. ಕೆಳಗಿನ ಎಂಜಿನಿಯರುಗಳು ರೆಕ್ಕೆಯ ಚಿತ್ರ ತೆಗೆಸಿ ಅಂತ ಕೇಳಿಕೊಂಡಿದ್ದರು. ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ.

ರಾಕೆಟ್ ರೂಪಿಸುವ ವಿಎಸ್‌ಎಸ್‌ಸಿಯಲ್ಲೋ, ಉಪಗ್ರಹ ಕಟ್ಟುವ ಯು. ಆರ್. ರಾವ್ ಕೇಂದ್ರದಲ್ಲೋ, ಯಾವುದೋ ವಿಭಾಗದಲ್ಲಿ ಕೂತ ಕಿರಿಯ ಎಂಜಿನಿಯರ್‌ಗೆ ನಾಳೆ ಒಂದು ಸಂಶಯ ಬಂದರೆ ಅವಳು ಬಾಯಿಬಿಟ್ಟು ಹೇಳಬೇಕು. ಸೋಲನ್ನು ಹೊರಗೆ ಒಪ್ಪಿಕೊಳ್ಳುವ ಸಂಸ್ಥೆಯಲ್ಲಿ ಒಳಗೆ ಸಂಶಯ ಹೇಳಲು ಧೈರ್ಯ ಬರುತ್ತದೆ. ನೀವೇ ಆ ಧೈರ್ಯ ತೋರಿಸಿದ್ದೀರಿ. 2025ರ ಜೂನ್‌ನಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಬೇಕಿದ್ದ ಅಮೆರಿಕದ ಫಾಲ್ಕನ್-9 ರಾಕೆಟ್ಟಿನಲ್ಲಿ ಆಮ್ಲಜನಕ ಸೋರಿಕೆ ಕಂಡಾಗ, ಸರಿಪಡಿಸಿ ಪರೀಕ್ಷೆ ಮಾಡದೆ ಹಾರಿಸಬೇಡಿ ಅಂತ ನಿಮ್ಮ ತಂಡ ಪಟ್ಟು ಹಿಡಿಯಿತು. ಆ ಸುದ್ದಿ ಓದಿ ನನಗೆ ತುಂಬಾ ಹೆಮ್ಮೆಯಾಯಿತು.

ಅದೇ ಪಯಣದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರ ಮೆಂತ್ಯ, ಹೆಸರುಕಾಳು ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಮೊಳಕೆಯೊಡೆದವು. ಕನ್ನಡ ಓದುಗರಿಗೆ ಇದಕ್ಕಿಂತ ಹತ್ತಿರದ ಬಾಹ್ಯಾಕಾಶ ಸುದ್ದಿ ಯಾವುದಿದೆ? ಆದರೆ ನಿಲ್ದಾಣದಲ್ಲಿ ನಮ್ಮ ಗಗನಯಾತ್ರಿ ಇದ್ದಷ್ಟು ದಿನ, ಪ್ರಯೋಗದ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಟಿಪ್ಪಣಿ ಸಿಗಲಿ ಅಂತ ನಾನು ಆಸೆಪಟ್ಟಿದ್ದೆ. ನಿಮ್ಮ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲಿ. ಆರ್ಯಭಟವನ್ನು ಕಟ್ಟಿದ್ದು ಪೀಣ್ಯದ ಶೆಡ್ಡುಗಳಲ್ಲಿ. ಉಪಗ್ರಹಗಳನ್ನು ಕಾಯುವುದು ಹಾಸನದಲ್ಲಿ. ಚಂದ್ರನ ಮಾತು ಕೇಳಿಸಿಕೊಳ್ಳುವ ದೊಡ್ಡ ಆಂಟೆನಾ ಬ್ಯಾಲಾಳಿನಲ್ಲಿ. ಮತ್ತೆ ಮತ್ತೆ ಬಳಸುವ ನೌಕೆ ಇಳಿದು ಕಲಿತದ್ದು ಚಳ್ಳಕೆರೆಯ ರನ್‌ವೇ ಮೇಲೆ. ಈ ಊರುಗಳ ಜನರಿಗೆ ಅವರ ಮಾತಿನಲ್ಲೇ ಹೇಳುವ ಒಬ್ಬ ಅಧಿಕಾರಿ ನಿಮ್ಮಲ್ಲಿರಲಿ.

ಹಾಗಾಗಿ ನನ್ನ ಕೋರಿಕೆ ಇಷ್ಟು, ಸರ್. ಮುಂದಿನ ಪಿಎಸ್‌ಎಲ್‌ವಿ ಹಾರುವ ಮೊದಲು ಸಿ61 ಮತ್ತು ಸಿ62ರ ವರದಿಗಳನ್ನು ನಿಮ್ಮ ವೆಬ್‌ಸೈಟಿಗೆ ಹಾಕಿ. ಸಾರಾಂಶ ಮಾತ್ರ ಕೊಡುವುದಾದರೆ 2006ರದಷ್ಟಾದರೂ ಇರಲಿ. ಅದರ ಮೇಲೆ ಒಂದು ಪತ್ರಿಕಾಗೋಷ್ಠಿ ಕರೆಯಿರಿ, ಪ್ರಶ್ನೆ ಕೇಳಲು ಬಿಡಿ. ಮೋಟಾರು ಕಟ್ಟಿದವರನ್ನೇ ಕರೆತನ್ನಿ, ನಮ್ಮಲ್ಲಿ ಬೆಂಗಳೂರಿನವರೂ ಬರ್ತಾರೆ, ಹುಬ್ಬಳ್ಳಿ ಮಂಗಳೂರಿನವರೂ ಬರ್ತಾರೆ. ಚಂದ್ರಯಾನ-2ರ ವರದಿಗೆ ಈಗ ಬೀಗ ಹಾಕಿಡುವ ಕಾರಣ ನನಗೆ ಕಾಣುತ್ತಿಲ್ಲ. ನೀವೇ ಬರೆದದ್ದು, ನೀವೇ ಬಿಡುಗಡೆ ಮಾಡಿ.

ನಮ್ಮ ಸಂಪಾದಕರಿಗೂ ಇದೇ ಪತ್ರದಲ್ಲಿ ಒಂದು ಮಾತು. ವರದಿ ಬಂದ ದಿನ ಅದನ್ನು ಓದಿ, ಅರ್ಥ ಮಾಡಿಕೊಂಡು ಬರೆಯಲು ವರದಿಗಾರರಿಗೆ ಒಂದು ಪೂರ್ತಿ ದಿನ ಕೊಡಿ. ಮೊದಲ ಪುಟದಲ್ಲಿ ಜಾಗವಿಡಿ. ಬೈಯುವವರು ಬೈಯಲಿ. ಓದುವವರು ಬೇಕಾದಷ್ಟು ಜನ ಇದ್ದಾರೆ. ಅವರ ಕಾಗದಗಳು ನನಗೆ ಬರುತ್ತವೆ. ಮೂರನೇ ಹಂತದಲ್ಲಿ ಏನಾಯ್ತಂತೆ ಅಂತ ಅವರೂ ಕೇಳುತ್ತಿದ್ದಾರೆ.

ಗೌರವದಿಂದ,
ಒಬ್ಬ ವಿಜ್ಞಾನ ಪತ್ರಕರ್ತೆ,
ಬೆಂಗಳೂರು